ಹಣ ಬಂದಾಗಿದೆ, ವಿದ್ಯಾರ್ಥಿ ಬರಬೇಕು: ಅನುದಾನವಿರುವ ಪಿಎಚ್‌ಡಿ ಪ್ರಾಜೆಕ್ಟಿಗೆ ಅರ್ಜಿ ಹಾಕುವ ಬಗೆ

ಪಿಎಚ್‌ಡಿ ಎಂದ ಕೂಡಲೇ ಬಹಳಷ್ಟು ಜನರ ತಲೆಯಲ್ಲಿ ಮೂಡುವ ಚಿತ್ರ ಹೀಗಿರುತ್ತದೆ: ವಿದ್ಯಾರ್ಥಿಗೆ ಒಂದು ಪ್ರಶ್ನೆ ಹೊಳೆಯುತ್ತದೆ, ಅದನ್ನು ಹಿಡಿದುಕೊಂಡು ಗೈಡ್ ಹತ್ತಿರ ಹೋಗುತ್ತಾರೆ, ಗೈಡ್ ಒಪ್ಪುತ್ತಾರೆ, ಆಮೇಲೆ ದುಡ್ಡಿನ ಚಿಂತೆ ಶುರುವಾಗುತ್ತದೆ. ಅನುದಾನವಿರುವ ಪ್ರಾಜೆಕ್ಟಿನಲ್ಲಿ ಈ ಕ್ರಮ ಪೂರ್ತಿ ತಿರುವುಮುರುವು. ಅಲ್ಲಿ ದುಡ್ಡು ಮೊದಲೇ ಬಂದಿರುತ್ತದೆ. ಪ್ರಶ್ನೆಯೂ ಬರೆದಾಗಿರುತ್ತದೆ. ಯಾವ ವರ್ಷ ಯಾವ ಕೆಲಸ ಎಂಬ ವೇಳಾಪಟ್ಟಿ ಕೂಡ ಯಾವುದೋ ಕಡತದಲ್ಲಿ ಕೂತಿರುತ್ತದೆ. ಇಲ್ಲದಿರುವುದು ವಿದ್ಯಾರ್ಥಿ ಮಾತ್ರ.

ಇಷ್ಟು ಗೊತ್ತಿಲ್ಲದೆ ಅರ್ಜಿ ಹಾಕಿದವರ ಸಾಲಿನಲ್ಲಿ ನಾನೂ ಇದ್ದೇನೆ. ನನ್ನ ಮೊದಲ ಏಳೆಂಟು ಅರ್ಜಿಗಳಲ್ಲಿ ಚಿಕ್ಕಂದಿನಿಂದ ವಿಜ್ಞಾನದ ಹುಚ್ಚು, ದೊಡ್ಡ ಕನಸು, ನಿಮ್ಮ ಹೆಸರಾಂತ ವಿಶ್ವವಿದ್ಯಾಲಯ ಎಂಬ ಮಾತುಗಳೇ ತುಂಬಿದ್ದವು. ಒಂದಕ್ಕೂ ಸಂದರ್ಶನದ ಕರೆ ಬರಲಿಲ್ಲ. ಕೆಲವು ವರ್ಷಗಳ ನಂತರ ಮೇಜಿನ ಆ ಬದಿಯಲ್ಲಿ ಕೂತು, ಒಂದು ಹುದ್ದೆಗೆ ಬಂದ ಅರ್ಜಿಗಳ ರಾಶಿಯನ್ನು ಜರಡಿ ಹಿಡಿಯಲು ಕೈಜೋಡಿಸಿದಾಗ ನನ್ನ ಹಳೆಯ ಪತ್ರಗಳ ನೆನಪಾಗಿ ಮುಖ ಮುಚ್ಚಿಕೊಳ್ಳುವಂತಾಯಿತು. ರಾಶಿಯಲ್ಲಿ ಮುಕ್ಕಾಲು ಪಾಲು ಅಂಥವೇ ಇದ್ದವು.

ಗಡಿಯಾರ ಆಗಲೇ ಓಡುತ್ತಿದೆ

ಜಾಹೀರಾತಿನ ಹಿಂದೆ ನಡೆದಿರುವುದು ಇಷ್ಟು. ಪ್ರೊಫೆಸರೊಬ್ಬರು ವರ್ಷ, ಎರಡು ವರ್ಷದ ಹಿಂದೆ ಅನುದಾನ ಸಂಸ್ಥೆಯೊಂದಕ್ಕೆ ಪ್ರಸ್ತಾವ ಬರೆದಿರುತ್ತಾರೆ. ಪ್ರಶ್ನೆ ಇಂಥದ್ದು, ವಿಧಾನ ಇಂಥದ್ದು, ಮೊದಲ ವರ್ಷ ಇಷ್ಟು ಕೆಲಸ, ಅದಕ್ಕೆ ಇಬ್ಬರು ಪಿಎಚ್‌ಡಿ ವಿದ್ಯಾರ್ಥಿಗಳು ಮತ್ತು ಒಬ್ಬ ಪೋಸ್ಟ್‌ಡಾಕ್ (ಪಿಎಚ್‌ಡಿ ಮುಗಿಸಿದ ಸಂಶೋಧಕರು) ಬೇಕು ಎಂದು ಲೆಕ್ಕ ಕೊಟ್ಟಿರುತ್ತಾರೆ. ಆ ಪ್ರಸ್ತಾವ ಇತರ ಪ್ರಸ್ತಾವಗಳ ಜೊತೆ ಗುದ್ದಾಡಿ ಗೆದ್ದಿರುತ್ತದೆ. ಪ್ರಾಜೆಕ್ಟಿನ ಅಧಿಕೃತ ಆರಂಭದ ದಿನದಿಂದ ಕಾಲದ ಲೆಕ್ಕ ಶುರು.

ಯುರೋಪಿಯನ್ ಸಂಶೋಧನಾ ಮಂಡಳಿ, ಅಂದರೆ ಇಆರ್‌ಸಿ, ವೃತ್ತಿಯ ಆರಂಭದ ಹಂತದ ಸಂಶೋಧಕರಿಗೆ ಕೊಡುವ ಸ್ಟಾರ್ಟಿಂಗ್ ಗ್ರಾಂಟನ್ನೇ ನೋಡಿ. ಮೊತ್ತ ಸಾಮಾನ್ಯವಾಗಿ 15 ಲಕ್ಷ ಯೂರೋವರೆಗೆ, ಅವಧಿ 5 ವರ್ಷ. ಪಿಎಚ್‌ಡಿಗೆ 4 ವರ್ಷ ಬೇಕೆಂದರೆ ಮೊದಲ ವರ್ಷದೊಳಗೇ ವಿದ್ಯಾರ್ಥಿ ಬಂದು ಕೂರಬೇಕು. ಜಾಹೀರಾತು, ಸಂದರ್ಶನ, ವೀಸಾ ಎಂದು ತಿಂಗಳುಗಳೇ ಹೋಗುತ್ತವೆ. ಯುರೋಪಿಯನ್ ಒಕ್ಕೂಟದ ಮೇರಿ ಸ್ಕ್ಲೊಡೊವ್‌ಸ್ಕಾ-ಕ್ಯೂರಿ ಹೆಸರಿನ ಡಾಕ್ಟರಲ್ ಜಾಲಗಳಲ್ಲಿ, ಅಂದರೆ ಹಲವು ದೇಶಗಳ ಸಂಸ್ಥೆಗಳು ಸೇರಿ ಪಿಎಚ್‌ಡಿ ವಿದ್ಯಾರ್ಥಿಗಳನ್ನು ತಯಾರು ಮಾಡುವ ಯೋಜನೆಗಳಲ್ಲಿ, ಇದು ಇನ್ನೂ ಬಿಗಿ. 2021ರಿಂದ ಶುರುವಾದ ಜಾಲಗಳಲ್ಲಿ ಸಾಮಾನ್ಯವಾಗಿ ಇಡೀ ಯೋಜನೆಗೆ 48 ತಿಂಗಳು, ಒಬ್ಬೊಬ್ಬ ವಿದ್ಯಾರ್ಥಿಗೆ 36 ತಿಂಗಳು. ಕಳೆದರೆ ಉಳಿಯುವುದು 12. ಆ ಒಂದು ವರ್ಷದೊಳಗೆ ಹತ್ತಾರು ವಿದ್ಯಾರ್ಥಿಗಳನ್ನು ಬೇರೆ ಬೇರೆ ದೇಶಗಳಲ್ಲಿ ಹುಡುಕಿ ನೇಮಿಸಬೇಕು.

ಹೀಗಿರುವಾಗ ಪ್ರೊಫೆಸರರ ಭಯ ಯಾವುದು? ಮಹಾ ಪ್ರತಿಭಾವಂತರು ಸಿಗಲಿಲ್ಲ ಎಂಬುದಲ್ಲ. ಎಂಟನೇ ತಿಂಗಳಿಗೆ ವಿದ್ಯಾರ್ಥಿ ಬಿಟ್ಟುಹೋದರೆ ಮತ್ತೊಬ್ಬರನ್ನು ತರಲು ಸಮಯವಿರುವುದಿಲ್ಲ ಎಂಬುದು ಒಂದು ಭಯ. ಬಂದವರು ಪ್ರಾಜೆಕ್ಟನ್ನು ಬದಿಗಿಟ್ಟು ತಮಗೆ ಬೇಕಾದ ಬೇರೆ ದಾರಿ ಹಿಡಿದರೆ ಅನುದಾನ ಸಂಸ್ಥೆಗೆ ಏನು ವರದಿ ಬರೆಯುವುದು ಎಂಬುದು ಇನ್ನೊಂದು. ನಿಮ್ಮ ಅರ್ಜಿ ಕೈಗೆ ಬಂದಾಗ ಅವರು ಕೇಳಿಕೊಳ್ಳುವ ಪ್ರಶ್ನೆ ತುಂಬ ಸರಳ: ‘ನಾನು ಮಾಡಿಕೊಡುತ್ತೇನೆಂದು ಮಾತು ಕೊಟ್ಟಿರುವ ಈ ಕೆಲಸವನ್ನು ಇವರ ಕೈಗಿಟ್ಟು ನಾನು ನಿದ್ದೆ ಮಾಡಬಹುದೇ?’ ಅರ್ಜಿಯ ಜೊತೆ ಬರೆಯುವ ಪತ್ರ, ಸಿವಿ, ಶಿಫಾರಸು, ಸಂದರ್ಶನ ಎಲ್ಲವೂ ಈ ಪ್ರಶ್ನೆಗೆ ಉತ್ತರ.

ಹಾಗೆಂದು ಬೇರೆಯವರ ಹೊಲದಲ್ಲಿ ಕೂಲಿಗೆ ಹೋದಂತೆ ಎಂದುಕೊಳ್ಳಬೇಡಿ. ಮಹಾಪ್ರಬಂಧ ನಿಮ್ಮದು, ಅದರಲ್ಲಿ ಹೊಸತೊಂದು ಇರಲೇಬೇಕು, ಪರೀಕ್ಷಕರ ಮುಂದೆ ಅದನ್ನು ಸಮರ್ಥಿಸಿಕೊಳ್ಳುವವರೂ ನೀವೇ. ಪ್ರಸ್ತಾವದಲ್ಲಿ ಬರೆದ ದಾರಿ ಮೊದಲ ವರ್ಷದ ಕೊನೆಗೆ ಅಷ್ಟಿಷ್ಟು ತಿರುಗುತ್ತದೆ, ಅದು ಪ್ರೊಫೆಸರರಿಗೂ ಗೊತ್ತು, ಅನುದಾನ ಕೊಟ್ಟವರಿಗೂ ಗೊತ್ತು. ಆ ತಿರುವನ್ನು ಕಾಣುವ ಕಣ್ಣು ನಿಮಗಿದೆಯೇ ಎಂದು ಅವರು ನೋಡುತ್ತಾರೆ.

‘ಅನುದಾನ’ ಎಂಬ ಪದದ ಒಳಗೆ

ಎಲ್ಲ ಕಡೆ ಪದ ಒಂದೇ, ಅರ್ಥ ಬೇರೆ ಬೇರೆ. ಮೊದಲು ಬಿಡಿಸಿಕೊಳ್ಳಬೇಕಾದದ್ದು ಇದು: ಪ್ರಾಜೆಕ್ಟಿಗೆ ಹಣ ಈಗಾಗಲೇ ಇದೆಯೇ, ಅಥವಾ ಸ್ಪರ್ಧೆಯಲ್ಲಿ ಗೆದ್ದರೆ ಬರುತ್ತದೆಯೇ? ಬ್ರಿಟನ್ನಿನ ಜಾಹೀರಾತುಗಳಲ್ಲಿ ‘ಕಾಂಪಿಟಿಷನ್ ಫಂಡೆಡ್’ ಎಂಬ ಪದ ಕಂಡರೆ ಎರಡನೆಯದೆಂದು ತಿಳಿಯಿರಿ. ವಿಭಾಗವೋ ತರಬೇತಿ ಕೇಂದ್ರವೋ ಹತ್ತಾರು ಪ್ರಾಜೆಕ್ಟುಗಳನ್ನು ಪ್ರಕಟಿಸುತ್ತದೆ, ಹಣ ಇರುವುದು ಅವುಗಳಲ್ಲಿ ಕೆಲವಕ್ಕೆ ಮಾತ್ರ. ಒಳ್ಳೆಯ ಅಭ್ಯರ್ಥಿ ಸಿಕ್ಕ ಪ್ರಾಜೆಕ್ಟಿಗೆ ಹಣ ಹೋಗುತ್ತದೆ. ಇಲ್ಲಿ ಪ್ರೊಫೆಸರ್ ನಿಮ್ಮನ್ನು ಅಳೆಯುವವರಲ್ಲ, ನಿಮ್ಮ ಜೊತೆ ಸೇರಿ ಸ್ಪರ್ಧೆಗೆ ಇಳಿಯುವವರು. ಹಾಗಾಗಿ ಅರ್ಜಿಗೆ ಮೊದಲೇ ಅವರೊಂದಿಗೆ ಮಾತಾಡುವುದು, ಕರಡನ್ನು ತೋರಿಸುವುದು ತಪ್ಪಲ್ಲ, ಬಹುತೇಕ ಅಗತ್ಯವೇ. ಹಣ ಮೊದಲೇ ಇರುವ ಪ್ರಾಜೆಕ್ಟಿನಲ್ಲಿ ಆ ಸಲುಗೆ ಇರುವುದಿಲ್ಲ.

ಎರಡನೆಯ ವ್ಯತ್ಯಾಸ, ನೀವು ವಿದ್ಯಾರ್ಥಿಯೋ ನೌಕರರೋ ಎಂಬುದು. ಬ್ರಿಟನ್ನಿನಲ್ಲಿ ಸ್ಟೂಡೆಂಟ್‌ಶಿಪ್ ಎಂದರೆ ಬೋಧನಾ ಶುಲ್ಕ, ತೆರಿಗೆಯಿಲ್ಲದ ಶಿಷ್ಯವೇತನ ಮತ್ತು ಸಾಮಾನ್ಯವಾಗಿ ಸಂಶೋಧನೆಯ ಖರ್ಚಿಗೆ ಸ್ವಲ್ಪ ಹಣ. ಅಲ್ಲಿನ ಸರ್ಕಾರಿ ಅನುದಾನ ಸಂಸ್ಥೆ ಯುಕೆಆರ್‌ಐ 2025-26ಕ್ಕೆ ಗೊತ್ತುಮಾಡಿದ ಕನಿಷ್ಠ ಶಿಷ್ಯವೇತನ ವರ್ಷಕ್ಕೆ 20,780 ಪೌಂಡ್. ನೆದರ್ಲೆಂಡ್ಸ್, ಸ್ವೀಡನ್, ಜರ್ಮನಿಗಳಲ್ಲಿ ಪಿಎಚ್‌ಡಿ ಬಹುಮಟ್ಟಿಗೆ ಒಂದು ಉದ್ಯೋಗ: ಸಂಬಳ, ತೆರಿಗೆ, ರಜೆ, ಪಿಂಚಣಿ ಎಲ್ಲ ಉಂಟು. ಜರ್ಮನಿಯ ಜಾಹೀರಾತಿನಲ್ಲಿ ‘ಟಿವಿ-ಎಲ್ ಇ13, 65%’ ಎಂದಿದ್ದರೆ ಟಿವಿ-ಎಲ್ ಎಂಬುದು ಅಲ್ಲಿನ ರಾಜ್ಯಗಳ ಸರ್ಕಾರಿ ನೌಕರರ ವೇತನ ಒಪ್ಪಂದ, ಇ13 ಎಂಬುದು ಅದರಲ್ಲಿನ ಸಂಬಳದ ಶ್ರೇಣಿ. 65% ಎಂಬುದು ಒಪ್ಪಂದದ ಪ್ರಕಾರ ನಿಮ್ಮ ಕೆಲಸದ ಪಾಲು, ಸಂಬಳ ಬರುವುದೂ ಅಷ್ಟಕ್ಕೇ. ಲ್ಯಾಬಿನಲ್ಲಿ ಕಳೆಯುವ ಹೊತ್ತು ಮಾತ್ರ ನೂರಕ್ಕೆ ನೂರು ಎಂಬುದನ್ನು ಜಾಹೀರಾತು ಹೇಳುವುದಿಲ್ಲ. ಸ್ವೀಡನ್ನಿನಲ್ಲಿ ಪಿಎಚ್‌ಡಿಯ ನಿವ್ವಳ ಅವಧಿ 4 ವರ್ಷ. ಪಾಠ ಹೇಳುವಂಥ ವಿಭಾಗದ ಕೆಲಸ 20% ವರೆಗೆ ಸೇರಿದರೆ ಒಟ್ಟು 5 ವರ್ಷದವರೆಗೆ ಹೋಗುತ್ತದೆ.

ಅಮೆರಿಕದ ದಾರಿಯೇ ಬೇರೆ. ಅಲ್ಲಿ ಹೆಚ್ಚಾಗಿ ಅರ್ಜಿ ಹೋಗುವುದು ಪ್ರಾಜೆಕ್ಟಿಗಲ್ಲ, ವಿಭಾಗಕ್ಕೆ. ಸೇರಿದ ಮೇಲೆ, ಅದರಲ್ಲೂ ಜೀವವಿಜ್ಞಾನದಲ್ಲಿ, ಎರಡು ಮೂರು ಲ್ಯಾಬುಗಳಲ್ಲಿ ಕೆಲವು ವಾರ ಕೆಲಸ ಮಾಡಿ ಗೈಡನ್ನು ಆರಿಸಿಕೊಳ್ಳುವ ಪದ್ಧತಿಯಿದೆ. ಹಣ ಬರುವುದು ಬೋಧನಾ ಸಹಾಯಕರಾಗಿ ಅಥವಾ ಸಂಶೋಧನಾ ಸಹಾಯಕರಾಗಿ ದುಡಿದದ್ದಕ್ಕೆ. ಈ ಲೇಖನ ಹೇಳುವುದು ಮುಖ್ಯವಾಗಿ ಮೊದಲ ಬಗೆಯ, ಅಂದರೆ ಒಂದು ನಿರ್ದಿಷ್ಟ ಪ್ರಾಜೆಕ್ಟಿಗೆ ಒಬ್ಬರನ್ನು ಹುಡುಕುವ ಜಾಹೀರಾತುಗಳ ಬಗ್ಗೆ.

ಜಾಹೀರಾತನ್ನು ಹಿಂದುಮುಂದಾಗಿ ಓದುವುದು

ಜಾಹೀರಾತು ಒಂದು ಪುಟದ್ದಿರಬಹುದು. ಅದರ ಹಿಂದಿನ ಪ್ರಸ್ತಾವ ಹತ್ತಾರು ಪುಟದ್ದು. ಆ ಪ್ರಸ್ತಾವ ಪೂರ್ತಿ ಸಿಗುವುದಿಲ್ಲ, ಆದರೆ ಅದರ ಸಾರಾಂಶ ಬಹಳ ಸಲ ಸಾರ್ವಜನಿಕವಾಗಿಯೇ ಇರುತ್ತದೆ. ಅರ್ಜಿದಾರರಲ್ಲಿ ಎಷ್ಟೋ ಜನರಿಗೆ ಇದು ಗೊತ್ತಿಲ್ಲ. ಯುರೋಪಿಯನ್ ಒಕ್ಕೂಟದ ಹಣದ ಯೋಜನೆಗಳು ಕಾರ್ಡಿಸ್ ಎಂಬ ದತ್ತಸಂಚಯದಲ್ಲಿವೆ. ಬ್ರಿಟನ್ನಿನವು ಗೇಟ್‌ವೇ ಟು ರಿಸರ್ಚ್‌ನಲ್ಲಿ, ಜರ್ಮನಿಯ ಸಂಶೋಧನಾ ಅನುದಾನ ಸಂಸ್ಥೆ ಡಿಎಫ್‌ಜಿ ಕೊಟ್ಟವು ಗೆಪ್ರಿಸ್‌ನಲ್ಲಿ, ಸ್ವೀಡನ್ನಿನವು ಸ್ವೆಕ್ರಿಸ್‌ನಲ್ಲಿ, ಅಮೆರಿಕದ ಆರೋಗ್ಯ ಸಂಶೋಧನೆಯವು ಎನ್‌ಐಎಚ್ ರಿಪೋರ್ಟರ್‌ನಲ್ಲಿ ಸಿಗುತ್ತವೆ. ಪ್ರೊಫೆಸರರ ಹೆಸರು ಹಾಕಿ ಹುಡುಕಿದರೆ ಸಾಮಾನ್ಯವಾಗಿ ಯೋಜನೆ ಶುರುವಾದ ದಿನ, ಮುಗಿಯುವ ದಿನ, ಒಂದು ಪುಟದ ಸಾರಾಂಶ, ಕೈಜೋಡಿಸಿರುವ ಸಂಸ್ಥೆಗಳು ಕಾಣುತ್ತವೆ.

ಅದನ್ನು ಪಕ್ಕದಲ್ಲಿಟ್ಟುಕೊಂಡು ಜಾಹೀರಾತನ್ನು ಮತ್ತೆ ಓದಿದರೆ ಬೇರೆಯೇ ಪಠ್ಯ ಕಾಣಿಸುತ್ತದೆ. ಒಂದು ಕಲ್ಪಿತ ಜಾಹೀರಾತನ್ನು ತೆಗೆದುಕೊಳ್ಳೋಣ: ‘ನದಿ ಸಮುದ್ರ ಸೇರುವ ಅಳಿವೆಯ ಕೆಸರಿನಲ್ಲಿ ಸೂಕ್ಷ್ಮ ಪ್ಲಾಸ್ಟಿಕ್ ಎಷ್ಟು ಕಾಲ ಉಳಿಯುತ್ತದೆ ಎಂಬ ಅಧ್ಯಯನಕ್ಕೆ ಪಿಎಚ್‌ಡಿ ವಿದ್ಯಾರ್ಥಿ ಬೇಕು.’ 5 ಮಿಲಿಮೀಟರಿಗಿಂತ ಚಿಕ್ಕ ಪ್ಲಾಸ್ಟಿಕ್ ಚೂರುಗಳಿಗೆ ಸೂಕ್ಷ್ಮ ಪ್ಲಾಸ್ಟಿಕ್ ಎಂದು ಹೆಸರು. ಜಾಹೀರಾತಿನ ಅರ್ಹತೆಯ ಪಟ್ಟಿಯಲ್ಲಿ ಮೊದಲು ಪ್ರಯೋಗಾಲಯದ ಅನುಭವ, ನಂತರ ಕ್ಷೇತ್ರಕಾರ್ಯ, ಮೂರನೆಯದಾಗಿ ದತ್ತಾಂಶ ವಿಶ್ಲೇಷಣೆ, ಕೊನೆಯಲ್ಲಿ ‘ಗಣಿತ ಮಾದರಿಗಳ ಪರಿಚಯವಿದ್ದರೆ ಒಳ್ಳೆಯದು’ ಎಂದಿದೆ. ದತ್ತಸಂಚಯದ ಸಾರಾಂಶ ನೋಡಿದರೆ ಯೋಜನೆಯಲ್ಲಿ ಒಬ್ಬ ಪೋಸ್ಟ್‌ಡಾಕ್ ಗಣಿತ ಮಾದರಿಯನ್ನೇ ಕಟ್ಟುತ್ತಿದ್ದಾರೆ. ಅಂದರೆ ಪಿಎಚ್‌ಡಿ ವಿದ್ಯಾರ್ಥಿಯ ಪಾಲಿಗೆ ಬರುವುದು ಕೆಸರು, ಜರಡಿ, ಸೂಕ್ಷ್ಮದರ್ಶಕ. ಪತ್ರದ ಅರ್ಧಭಾಗವನ್ನು ಗಣಿತ ಮಾದರಿಗಳ ಮೇಲಿನ ಒಲವಿಗೆ ಮೀಸಲಿಟ್ಟವರು ತಮಗೆ ಅರಿವಿಲ್ಲದೆಯೇ ಬೇರೆಯವರ ಕುರ್ಚಿಗೆ ಅರ್ಜಿ ಹಾಕಿರುತ್ತಾರೆ.

ಬ್ರಿಟನ್ ಮತ್ತು ಯುರೋಪಿನ ಬಹಳ ಕಡೆ ‘ಕಡ್ಡಾಯ’ ಮತ್ತು ‘ಇದ್ದರೆ ಒಳ್ಳೆಯದು’ ಎಂದು ಅರ್ಹತೆಗಳನ್ನು ಎರಡು ಭಾಗ ಮಾಡಿರುತ್ತಾರೆ. ಇದನ್ನು ಅಲಂಕಾರಕ್ಕೆ ಬರೆದಿರುವುದಿಲ್ಲ. ಆಯ್ಕೆ ಸಮಿತಿಯವರ ಕೈಯಲ್ಲಿ ಒಂದು ಕೋಷ್ಟಕವಿರುತ್ತದೆ. ಒಂದೊಂದು ಕಡ್ಡಾಯ ಅಂಶದ ಎದುರೂ ಅಂಕ ಹಾಕಬೇಕು, ಯಾಕೆ ಹಾಕಿದೆವು ಎಂದು ಕೇಳಿದರೆ ನಿಮ್ಮ ಅರ್ಜಿಯ ಸಾಲೊಂದನ್ನು ತೋರಿಸಬೇಕು. ತೋರಿಸಲು ಸಾಲೇ ಇಲ್ಲದಿದ್ದರೆ, ನಿಮಗೆ ಆ ಕೌಶಲ ನಿಜಕ್ಕೂ ಇದ್ದರೂ, ಅಂಕ ಸೊನ್ನೆ.

ಮೊದಲೇ ನೋಡಿಕೊಳ್ಳಬೇಕಾದ ಬಾಗಿಲುಗಳು

ಪತ್ರ ಬರೆಯಲು ಮೂರು ದಿನ ಕಳೆದ ಮೇಲೆ ಅರ್ಹತೆಯೇ ಇಲ್ಲವೆಂದು ತಿಳಿದರೆ ಅದರಷ್ಟು ಬೇಸರದ ಸಂಗತಿ ಇನ್ನೊಂದಿಲ್ಲ. ಮೇರಿ ಸ್ಕ್ಲೊಡೊವ್‌ಸ್ಕಾ-ಕ್ಯೂರಿ ಜಾಲಗಳಲ್ಲಿ ಪೌರತ್ವದ ಅಡ್ಡಿಯಿಲ್ಲ, ಆದರೆ ನೇಮಕಕ್ಕೆ ಹಿಂದಿನ 36 ತಿಂಗಳಲ್ಲಿ ನಿಮ್ಮನ್ನು ನೇಮಿಸುವ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ವಾಸವೋ ಓದೋ ಕೆಲಸವೋ ಮಾಡಿರಬಾರದು. ಅಲ್ಲೇ ಎರಡು ವರ್ಷದ ಸ್ನಾತಕೋತ್ತರ ಪದವಿಯನ್ನು ಈಗಷ್ಟೇ ಮುಗಿಸಿದವರು ಈ ನಿಯಮಕ್ಕೆ ಸಿಕ್ಕಿಬೀಳುತ್ತಾರೆ. ಅದೇ ಜಾಲದಲ್ಲಿ ಬೇರೆ ದೇಶದ ಹುದ್ದೆಗೆ ಅವರು ಅರ್ಹರೇ. ಈ ಜಾಲಗಳ ಹುದ್ದೆಗಳು ಯೂರಾಕ್ಸೆಸ್ ಜಾಲತಾಣದಲ್ಲಿ ಪ್ರಕಟವಾಗುತ್ತವೆ. ಅಲ್ಲಿ ಬರೆದಿರುವ ಮೊತ್ತ ಹಲವು ಸಲ ನೇಮಿಸಿಕೊಳ್ಳುವ ಸಂಸ್ಥೆಗೆ ಬೀಳುವ ಒಟ್ಟು ಖರ್ಚು. ಸಾಮಾಜಿಕ ಭದ್ರತೆಗೆ ಕಟ್ಟುವ ಸಂಸ್ಥೆಯ ಪಾಲಿನ ವಂತಿಗೆ, ನಿಮ್ಮ ಪಾಲಿನದು, ತೆರಿಗೆ ಎಲ್ಲ ಕಳೆದ ಮೇಲೆ ಕೈಗೆ ಬರುವುದು ಬೇರೆಯೇ ಲೆಕ್ಕ.

ಬ್ರಿಟನ್ನಿನಲ್ಲಿ ತೊಡಕು ಶುಲ್ಕದ್ದು. 2021ರಿಂದ ಯುಕೆಆರ್‌ಐ ಸ್ಟೂಡೆಂಟ್‌ಶಿಪ್‌ಗಳು ಹೊರದೇಶದವರಿಗೂ ತೆರೆದಿವೆ, ಆದರೆ ಅವರ ಪಾಲಿಗೆ ಸಾಮಾನ್ಯವಾಗಿ 30% ಮಿತಿಯಿದೆ. ಜೊತೆಗೆ ಯುಕೆಆರ್‌ಐ ತುಂಬಿಕೊಡುವುದು ಸ್ವದೇಶಿ ವಿದ್ಯಾರ್ಥಿಗಳ ದರದ ಶುಲ್ಕವನ್ನು. ಹೊರದೇಶದವರ ಶುಲ್ಕ ಅದರ ಹಲವು ಪಟ್ಟು ಇರುತ್ತದೆ. ಆ ವ್ಯತ್ಯಾಸವನ್ನು ಯಾರು ಭರಿಸುತ್ತಾರೆ? ಜಾಹೀರಾತಿನಲ್ಲಿ ಸ್ಪಷ್ಟವಾಗಿಲ್ಲದಿದ್ದರೆ ಒಂದು ಇಮೇಲ್ ಹಾಕಿ ಕೇಳಿಬಿಡಿ. ಇದನ್ನು ಕೇಳುವುದು ಸಣ್ಣತನವಲ್ಲ.

ಪದವಿಯ ವಿಷಯ ಬೇಗ ಮುಗಿಯುತ್ತದೆ. ಯುರೋಪಿನ ಹೆಚ್ಚಿನ ದೇಶಗಳಲ್ಲಿ ಸ್ನಾತಕೋತ್ತರ ಪದವಿ ಬೇಕು, ಬ್ರಿಟನ್ನಿನಲ್ಲಿ ಒಳ್ಳೆಯ ದರ್ಜೆಯ ಆನರ್ಸ್ ಪದವಿ ಸಾಕಾಗುವುದುಂಟು. ಫಲಿತಾಂಶ ಬರುವುದಿದ್ದರೆ ಯಾವ ತಿಂಗಳು ಬರುತ್ತದೆಂದು ಬರೆದು ಅರ್ಜಿ ಹಾಕಬಹುದೇ ಎಂದು ಕೇಳಿ, ಬಹಳ ಕಡೆ ಒಪ್ಪುತ್ತಾರೆ.

ಪತ್ರ

ಅರ್ಜಿಯಲ್ಲಿ ಹೆಚ್ಚು ಹೊತ್ತು ಕೊಡಬೇಕಾದ್ದು ಇದಕ್ಕೆ. ಸಿವಿಯಲ್ಲಿ ಏನು ಮಾಡಿದ್ದೀರಿ ಎಂಬುದು ಇರುತ್ತದೆ. ಆ ಮಾಡಿದ್ದಕ್ಕೂ ಈ ಪ್ರಾಜೆಕ್ಟಿಗೂ ನಡುವಿನ ಸೇತುವೆ ಪತ್ರದಲ್ಲಿ ಮಾತ್ರ ಕಟ್ಟಲು ಸಾಧ್ಯ. ಆ ಸೇತುವೆಯನ್ನು ಓದುವವರೇ ಕಟ್ಟಿಕೊಳ್ಳಲಿ ಎಂದು ಬಿಡುವುದು ದೊಡ್ಡ ತಪ್ಪು. ರಾಶಿಯಲ್ಲಿ ಇನ್ನೂ ಅರುವತ್ತು ಅರ್ಜಿಗಳಿರುವವರಿಗೆ ಅಷ್ಟು ವ್ಯವಧಾನ ಎಲ್ಲಿಂದ ಬರಬೇಕು?

ಕೆಸರಿನ ಜಾಹೀರಾತಿಗೇ ಮರಳೋಣ. ಅಭ್ಯರ್ಥಿಯೊಬ್ಬರು ಸ್ನಾತಕೋತ್ತರದಲ್ಲಿ ಮಣ್ಣಿನ ಸಾವಯವ ಇಂಗಾಲದ ಮೇಲೆ ಕೆಲಸ ಮಾಡಿದ್ದಾರೆ ಎಂದುಕೊಳ್ಳಿ. ಪ್ಲಾಸ್ಟಿಕ್ಕನ್ನು ಮುಟ್ಟಿದವರಲ್ಲ, ಅಳಿವೆಗೆ ಕಾಲಿಟ್ಟವರೂ ಅಲ್ಲ. ಹೆಚ್ಚಿನವರು ಈ ಹಂತದಲ್ಲಿ ಬರೆಯುವುದು ಹೀಗೆ: ‘ಪ್ಲಾಸ್ಟಿಕ್ ಮಾಲಿನ್ಯ ಇಂದು ಜಗತ್ತು ಎದುರಿಸುತ್ತಿರುವ ಬಹುದೊಡ್ಡ ಸವಾಲು. ಪರಿಸರದ ಬಗ್ಗೆ ನನಗೆ ಅಪಾರ ಕಾಳಜಿಯಿದೆ. ಪ್ರಯೋಗಾಲಯದ ವಿವಿಧ ತಂತ್ರಗಳಲ್ಲಿ ನಾನು ಪರಿಣತಿ ಹೊಂದಿದ್ದೇನೆ.’ ಮೊದಲ ವಾಕ್ಯ ಪ್ರೊಫೆಸರರಿಗೆ ಗೊತ್ತು, ಅದನ್ನು ಬರೆದೇ ಅವರು ಅನುದಾನ ತಂದಿದ್ದಾರೆ. ಎರಡನೆಯದನ್ನು ಪರೀಕ್ಷಿಸಲು ಬರುವುದಿಲ್ಲ. ಮೂರನೆಯದಕ್ಕೆ ಪುರಾವೆಯಿಲ್ಲ.

ಈಗ ಅದೇ ಅಭ್ಯರ್ಥಿ ಸ್ವಲ್ಪ ಓದಿಕೊಳ್ಳುತ್ತಾರೆ. ಕೆಸರಿನಿಂದ ಪ್ಲಾಸ್ಟಿಕ್ ಬೇರೆ ಮಾಡುವುದು ಹೇಗೆ? ದಟ್ಟವಾದ ಉಪ್ಪಿನ ದ್ರಾವಣದಲ್ಲಿ ಕದಡಿದರೆ ಖನಿಜ ಕಣಗಳು ತಳಕ್ಕಿಳಿಯುತ್ತವೆ, ಹಗುರವಾದ ಪ್ಲಾಸ್ಟಿಕ್ ತೇಲುತ್ತದೆ. ಜೊತೆಗೆ ಎಲೆ, ಬೇರಿನ ಚೂರುಗಳೂ ತೇಲಿಬರುತ್ತವೆ. ಅವುಗಳನ್ನು ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಕರಗಿಸುತ್ತಾರೆ. ಇಲ್ಲಿ ಅವರಿಗೆ ತಟ್ಟನೆ ಹೊಳೆಯುತ್ತದೆ: ಮಣ್ಣಿನ ಕಣಗಾತ್ರ ಅಳೆಯುವ ಮುನ್ನ ಸಾವಯವ ಅಂಶ ತೆಗೆಯಲು ತಾವು ಬಳಸಿದ್ದೂ ಅದೇ ಪೆರಾಕ್ಸೈಡ್! ಆಗ ಪತ್ರ ಹೀಗಾಗುತ್ತದೆ:

‘ಸೂಕ್ಷ್ಮ ಪ್ಲಾಸ್ಟಿಕ್‌ ಮೇಲೆ ನಾನು ಇನ್ನೂ ಕೆಲಸ ಮಾಡಿಲ್ಲ. ಆದರೆ ಕೆಸರಿನ ಮಾದರಿಗಳಿಂದ ಸಾವಯವ ಅಂಶ ತೆಗೆಯುವ ಹಂತ ನನಗೆ ಪರಿಚಿತ. ಸ್ನಾತಕೋತ್ತರ ಪ್ರಬಂಧಕ್ಕಾಗಿ 120 ಮಣ್ಣಿನ ಮಾದರಿಗಳನ್ನು ಹೈಡ್ರೋಜನ್ ಪೆರಾಕ್ಸೈಡ್‌ನಿಂದ ಸಂಸ್ಕರಿಸಿದೆ. ಮೊದಲ ಹತ್ತರಲ್ಲಿ ನಾಲ್ಕು ನೊರೆಯುಕ್ಕಿ ಚೆಲ್ಲಿಹೋದವು. ಆಮೇಲೆ ಸಾವಯವ ಅಂಶ ಹೆಚ್ಚಿದ್ದ ಮಾದರಿಗಳಿಗೆ ಪೆರಾಕ್ಸೈಡನ್ನು ಸ್ವಲ್ಪ ಸ್ವಲ್ಪವಾಗಿ, ಪಾತ್ರೆಯನ್ನು ಮಂಜುಗಡ್ಡೆಯಲ್ಲಿಟ್ಟು ಹಾಕುವ ಕ್ರಮ ರೂಢಿಸಿಕೊಂಡೆ. ಉಳಿದ 110ರಲ್ಲಿ ಒಂದೂ ಹಾಳಾಗಲಿಲ್ಲ. ಈ ಪ್ರಾಜೆಕ್ಟಿನಲ್ಲಿ ನನಗಿರುವ ಪ್ರಶ್ನೆ: ಬಿಸಿ ಏರಿದರೆ ಕೆಲವು ಬಗೆಯ ಪ್ಲಾಸ್ಟಿಕ್ ಕಣಗಳಿಗೇ ಪೆಟ್ಟು ಬೀಳುವುದಿಲ್ಲವೇ? ಅದನ್ನು ಮೊದಲ ತಿಂಗಳುಗಳಲ್ಲೇ ಪರೀಕ್ಷಿಸಿ ನೋಡಬೇಕೆನಿಸುತ್ತದೆ.’

ಈ ಒಂದು ಪ್ಯಾರಾದಲ್ಲಿ ಎಷ್ಟು ಕೆಲಸ ನಡೆದಿದೆ ನೋಡಿ. ಗೊತ್ತಿಲ್ಲದ್ದನ್ನು ಮೊದಲ ವಾಕ್ಯದಲ್ಲೇ ಒಪ್ಪಿಕೊಂಡಿದ್ದಾರೆ, ಹಾಗಾಗಿ ಮುಂದಿನದನ್ನು ನಂಬಬಹುದು ಎನಿಸುತ್ತದೆ. ಸಂಖ್ಯೆ ಇದೆ. ಎಡವಿದ್ದೂ ಇದೆ, ಎಡವಿದ ಮೇಲೆ ಏನು ಮಾಡಿದರೆಂಬುದೂ ಇದೆ. ಕೊನೆಯ ಪ್ರಶ್ನೆ ಪ್ರಾಜೆಕ್ಟಿನ ಒಳಗಿನದು, ಸಣ್ಣದು, ಮೊದಲ ವರ್ಷದಲ್ಲೇ ಮಾಡಬಹುದಾದದ್ದು. ಕೈ ಕೆಸರಾದದ್ದನ್ನು ಇಷ್ಟು ಅಕ್ಷರಶಃ ತೋರಿಸುವ ಅವಕಾಶ ಎಲ್ಲರಿಗೂ ಸಿಗಲಿಕ್ಕಿಲ್ಲ, ಆದರೆ ಇದಕ್ಕೆ ಸಮನಾದ ಒಂದು ಪ್ಯಾರಾ ಪ್ರತಿಯೊಬ್ಬರ ಸ್ನಾತಕೋತ್ತರ ಪ್ರಬಂಧದೊಳಗೂ ಅಡಗಿರುತ್ತದೆ. ಇತಿಹಾಸದ ವಿದ್ಯಾರ್ಥಿಗೆ ಅದು ಓದಲಾಗದ ಕೈಬರಹದ ದಾಖಲೆಯೊಂದಿಗೆ ಕಳೆದ ತಿಂಗಳಿರಬಹುದು, ಸಮಾಜಶಾಸ್ತ್ರದವರಿಗೆ ಬಾಯಿಬಿಡದ ಸಂದರ್ಶಿತರಿರಬಹುದು, ಕಂಪ್ಯೂಟರ್ ವಿಜ್ಞಾನದವರಿಗೆ ಮೂರು ವಾರ ಸಿಕ್ಕದೇ ಕಾಡಿದ ಬಗ್ ಇರಬಹುದು.

ಪ್ರಾಜೆಕ್ಟಿನ ಪ್ರಶ್ನೆ ತಮ್ಮದಲ್ಲ ಎಂಬ ಸಂಕಟ ಮಾನವಿಕ ವಿಷಯದವರಿಗೆ ಹೆಚ್ಚು. ಅಲ್ಲಿ ವಿಷಯವನ್ನು ಸ್ವಂತವಾಗಿ ಆರಿಸಿಕೊಳ್ಳುವ ಸಂಪ್ರದಾಯ ಗಟ್ಟಿಯಾಗಿದೆ. ದೊಡ್ಡ ಅನುದಾನದೊಳಗಿನ ಪಿಎಚ್‌ಡಿಗೆ ಹೋಗುವವರು ಒಂದು ಮಾತು ಖಚಿತಪಡಿಸಿಕೊಳ್ಳಲಿ: ಯಾವ ಭಾಗ ಗೊತ್ತಾಗಿದೆ, ಯಾವ ಭಾಗ ನಿಮಗೆ ಬಿಟ್ಟಿದ್ದು? ಕಾಲಘಟ್ಟ ಮತ್ತು ಪ್ರದೇಶ ನಿಗದಿಯಾಗಿದ್ದು ಆಕರಗಳನ್ನು ನೀವು ಆರಿಸುವಂತಿದ್ದರೆ ಉಸಿರಾಡಲು ಸಾಕಷ್ಟು ಜಾಗವಿದೆ. ಅಧ್ಯಾಯಗಳ ಶೀರ್ಷಿಕೆಯವರೆಗೂ ಬರೆದಿಟ್ಟಿದ್ದರೆ ನಾನಾದರೆ ಹೋಗುವುದಿಲ್ಲ.

ಪತ್ರದ ಉದ್ದ ಕೇಳಿದಷ್ಟೇ ಇರಲಿ. ಎರಡು ಪುಟ ಎಂದರೆ ಎರಡೇ ಪುಟ. ಕೃತಕ ಬುದ್ಧಿಮತ್ತೆಯ ತಂತ್ರಾಂಶದಿಂದ ಬರೆಸಿದ ಪತ್ರಗಳು ಈಗ ಕಟ್ಟುಗಟ್ಟಲೆ ಬರುತ್ತವೆ. ಅವುಗಳಲ್ಲಿ ತಪ್ಪಿರುವುದಿಲ್ಲ, ನೊರೆಯುಕ್ಕಿದ ನಾಲ್ಕು ಮಾದರಿಗಳೂ ಇರುವುದಿಲ್ಲ. ಆ ನಾಲ್ಕು ನಿಮಗೆ ಮಾತ್ರ ಗೊತ್ತಿರುವ ಸಂಗತಿ.

ಇಮೇಲ್, ಸಿವಿ, ಶಿಫಾರಸು

‘ಅನೌಪಚಾರಿಕ ವಿಚಾರಣೆಗೆ ಸ್ವಾಗತ’ ಎಂಬ ಅರ್ಥದ ಸಾಲು ಜಾಹೀರಾತಿನಲ್ಲಿದ್ದರೆ ಅದು ಶಿಷ್ಟಾಚಾರಕ್ಕೆ ಹಾಕಿದ್ದಲ್ಲ, ನಿಜವಾಗಿಯೂ ಬರೆಯಿರಿ ಎಂದೇ ಅರ್ಥ. ಆದರೆ ‘ನಾನು ಅರ್ಹನೇ? ಸಿವಿ ಲಗತ್ತಿಸಿದ್ದೇನೆ’ ಎಂದು ಕೇಳಿದರೆ ಬರುವ ಉತ್ತರ ‘ಅರ್ಜಿ ಹಾಕಿ’ ಎಂಬುದಷ್ಟೇ. ಜಾಹೀರಾತನ್ನು ಓದಿದವರಿಗೆ ಮಾತ್ರ ಹುಟ್ಟುವ ಪ್ರಶ್ನೆ ಕೇಳಿ: ಮಾದರಿ ಸಂಗ್ರಹ ಒಂದೇ ಋತುವಿನದ್ದೇ, ಎಲ್ಲ ಋತುಗಳದ್ದೇ? ಆರೇಳು ಸಾಲು ಸಾಕು. ಒಂದೇ ಪತ್ರವನ್ನು ಇಪ್ಪತ್ತು ಜನರಿಗೆ ಕಳಿಸಿ, ಒಬ್ಬರ ಹೆಸರು ಬದಲಿಸಲು ಮರೆತವರನ್ನು ನಾನೇ ಕಂಡಿದ್ದೇನೆ. ಅರ್ಜಿಯನ್ನು ಜಾಲತಾಣದ ಮೂಲಕವೇ ಹಾಕಿ ಎಂದಿರುವಾಗ ಇಮೇಲಿನಲ್ಲಿ ಕಳಿಸಿದ್ದು ಅರ್ಜಿಯೆಂದು ಲೆಕ್ಕಕ್ಕೆ ಬರುವುದಿಲ್ಲ. ಸ್ವೀಡನ್ನಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಇನ್ನೊಂದು ವಿಶೇಷವಿದೆ. ಅಲ್ಲಿಗೆ ಬಂದ ಅರ್ಜಿಗಳು ಸಾಮಾನ್ಯವಾಗಿ ಸಾರ್ವಜನಿಕ ದಾಖಲೆಗಳು, ಯಾರು ಬೇಕಾದರೂ ಕೇಳಿ ನೋಡಬಹುದು. ಬೇರೆಯವರ ಗುಟ್ಟಿನ ದತ್ತಾಂಶವನ್ನು ಅದರಲ್ಲಿ ತುರುಕಬೇಡಿ.

ಸಿವಿಯ ಬಗ್ಗೆ ಹೇಳುವುದು ಹೆಚ್ಚಿಲ್ಲ: ಪ್ರಬಂಧದ ಶೀರ್ಷಿಕೆ, ಬಳಸಿದ ವಿಧಾನಗಳು, ತಂತ್ರಾಂಶಗಳು ಮೊದಲ ಪುಟದಲ್ಲೇ ಇರಲಿ, ಶಾಲೆಯ ಬಹುಮಾನಗಳು ಬೇಡ.

ಶಿಫಾರಸು ಪತ್ರಕ್ಕೆ ಹೆಚ್ಚಿನವರು ವಿಭಾಗದ ಮುಖ್ಯಸ್ಥರನ್ನು ಹುಡುಕಿಕೊಂಡು ಹೋಗುತ್ತಾರೆ. ಅವರ ಹುದ್ದೆ ದೊಡ್ಡದು, ನಿಜ. ಆದರೆ ನೀವು ಮಾದರಿಗಳನ್ನು ಚೆಲ್ಲಿಕೊಂಡ ದಿನ ಅವರು ಅಲ್ಲಿರಲಿಲ್ಲ. ಅಂದು ಪಕ್ಕದಲ್ಲಿದ್ದ ಕಿರಿಯ ಅಧ್ಯಾಪಕರ ಒಂದು ಪುಟ, ಮುಖ್ಯಸ್ಥರ ‘ವಿನಯಶೀಲ, ಶ್ರಮಜೀವಿ’ ಎಂಬ ನಾಲ್ಕು ಸಾಲಿಗಿಂತ ಹೆಚ್ಚು ತೂಗುತ್ತದೆ. ಅವರನ್ನು ಕೇಳುವಾಗ ಜಾಹೀರಾತು, ನಿಮ್ಮ ಪತ್ರದ ಕರಡು, ಕೊನೆಯ ದಿನಾಂಕ ಮೂರನ್ನೂ ಒಟ್ಟಿಗೆ ಕೊಡಿ, ಕನಿಷ್ಠ ಮೂರು ವಾರ ಮುಂಚೆ ಕೊಡಿ. ಕೆಲವು ಕಡೆ ಶಿಫಾರಸು ಪತ್ರ ಅರ್ಜಿಯ ಜೊತೆಗೇ ಬರಬೇಕು, ಇನ್ನು ಕೆಲವು ಕಡೆ ಆಯ್ಕೆಪಟ್ಟಿಗೆ ಬಂದವರದ್ದನ್ನು ಮಾತ್ರ ತರಿಸಿಕೊಳ್ಳುತ್ತಾರೆ.

ಸಂದರ್ಶನದಲ್ಲಿ ನೀವು ಕೇಳಬೇಕಾದ್ದು

ಸಾಮಾನ್ಯವಾಗಿ ಹತ್ತು ನಿಮಿಷ ನಿಮ್ಮ ಹಿಂದಿನ ಕೆಲಸ ಹೇಳಿ ಎನ್ನುತ್ತಾರೆ, ಆಮೇಲೆ ಪ್ರಶ್ನೆ. ಫಲಿತಾಂಶಕ್ಕಿಂತ ನಿರ್ಧಾರಗಳನ್ನು ಕೆದಕುತ್ತಾರೆ: ಈ ವಿಧಾನ ಯಾಕೆ, ಅದು ಯಾಕಲ್ಲ, ಮತ್ತೆ ಮಾಡಿದರೆ ಏನು ಬದಲಿಸುತ್ತೀರಿ? ‘ಗೈಡ್ ಹೇಳಿದರು, ಮಾಡಿದೆ’ ಎಂಬ ಉತ್ತರ ಬಂದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದು, ತಿಳಿಯಲು ಎಲ್ಲಿಂದ ಶುರುಮಾಡುತ್ತೇನೆಂದು ಹೇಳಿದರೆ ಅಂಕ ಹೋಗುವುದಿಲ್ಲ.

ಕೊನೆಗೆ ‘ನಿಮ್ಮ ಪ್ರಶ್ನೆಗಳೇನಾದರೂ?’ ಎಂದಾಗ ತಲೆಯಲ್ಲಾಡಿಸಿ ಸುಮ್ಮನಾಗುವವರೇ ಹೆಚ್ಚು. ನಿಮ್ಮ ನಾಲ್ಕು ವರ್ಷ ನಿಂತಿರುವುದು ಈ ಪ್ರಶ್ನೆಗಳ ಮೇಲೆ. ಹಣ ಎಷ್ಟು ತಿಂಗಳಿಗೆ? ಈ ಗುಂಪಿನಲ್ಲಿ ಹಿಂದಿನವರು ಎಷ್ಟು ತಿಂಗಳಿಗೆ ಪ್ರಬಂಧ ಸಲ್ಲಿಸಿದ್ದಾರೆ? ಮೊದಲನೆಯದು 36, ಎರಡನೆಯದು 48 ಆಗಿದ್ದರೆ ನಡುವಿನ 12 ತಿಂಗಳು ಯಾರ ಅನ್ನ? ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದರೆ ಹಾಸಿಗೆಯ ಅಳತೆ ಮೊದಲೇ ಗೊತ್ತಿರಬೇಕು. ಪಾಠ ಹೇಳುವುದು ಕಡ್ಡಾಯವೇ? ಮೊದಲ ವರ್ಷದ ಮೌಲ್ಯಮಾಪನದಲ್ಲಿ ಏನು ನೋಡುತ್ತಾರೆ? ಯುರೋಪಿನ ಕೆಲವೆಡೆ ಮೊದಲ ಒಪ್ಪಂದ ಒಂದು ವರ್ಷದ್ದು, ಅದು ಮುಂದುವರಿಯುವುದು ಈ ಮೌಲ್ಯಮಾಪನ ದಾಟಿದ ಮೇಲೆ. ಇಬ್ಬರು ಗೈಡ್‌ಗಳಿದ್ದರೆ ದಿನನಿತ್ಯದ ಮಾತು ಯಾರೊಂದಿಗೆ? ಎತ್ತು ಏರಿಗೆಳೆದು ಕೋಣ ನೀರಿಗೆಳೆದರೆ ನಡುವೆ ಬಡವಾಗುವುದು ನೊಗ.

ಕಂಪನಿಯೊಂದು ಹಣ ಹಾಕಿರುವ ಪ್ರಾಜೆಕ್ಟಾದರೆ ಇನ್ನೂ ಒಂದು: ಫಲಿತಾಂಶವನ್ನು ಪ್ರಕಟಿಸುವ ಮುನ್ನ ಯಾರ ಒಪ್ಪಿಗೆ ಬೇಕು, ಅವರು ಎಷ್ಟು ದಿನ ತಡೆಹಿಡಿಯಬಹುದು? ಪೇಟೆಂಟಿನ ಕಾರಣಕ್ಕೆ ಕೆಲವು ತಿಂಗಳ ತಡೆ ಸಾಮಾನ್ಯ. ಕೊನೆಯಿಲ್ಲದ ತಡೆಯ ಷರತ್ತಿದ್ದರೆ ಹುಷಾರು.

ಪ್ರೊಫೆಸರರಿಗೆ ಕೇಳಲಾಗದ ಪ್ರಶ್ನೆಗಳನ್ನು ಅವರ ಈಗಿನ ವಿದ್ಯಾರ್ಥಿಗಳಿಗೆ ಕೇಳಿ. ಅವರೊಂದಿಗೆ ಮಾತಾಡಬಹುದೇ ಎಂದು ಸಂದರ್ಶನದಲ್ಲೇ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ‘ಯಾಕೆ ಬೇಕು ಅದೆಲ್ಲ?’ ಎಂದರೆ ಆ ಗುಂಪಿನ ಬಗ್ಗೆ ನಿಮಗೆ ಬೇಕಾದ ಉತ್ತರ ಅದರಲ್ಲೇ ಸಿಕ್ಕಂತೆ.

ಫಲಿತಾಂಶ ಬಂದ ಮೇಲೆ

ಆಯ್ಕೆಯಾದರೆ ಬಾಯಿಮಾತಿಗೆ ಕುಣಿದು ಬೇರೆ ಸಂದರ್ಶನಗಳನ್ನು ರದ್ದು ಮಾಡಬೇಡಿ. ಲಿಖಿತ ಪತ್ರದಲ್ಲಿ ಮೊತ್ತ, ಅವಧಿ, ಶುಲ್ಕ, ಆರಂಭದ ದಿನ ನಾಲ್ಕೂ ಇರುವುದನ್ನು ನೋಡಿ ಒಪ್ಪಿಕೊಳ್ಳಿ. ಹುದ್ದೆ ಕಾಯ್ದಿರಿಸಲು ಇಂತಿಷ್ಟು ಹಣ ಕಳಿಸಿ ಎಂದು ಸಂಬಳ ಕೊಡಬೇಕಾದವರೇ ಕೇಳಿದರೆ ಅದು ಮೋಸ.

ಆಯ್ಕೆಯಾಗದಿದ್ದರೆ? ಸಂದರ್ಶನದವರೆಗೆ ಹೋಗಿದ್ದರೆ, ಎಲ್ಲಿ ಕಡಿಮೆ ಬಿತ್ತೆಂದು ಎರಡು ಸಾಲಿನಲ್ಲಿ ಕೇಳಬಹುದು, ಕೆಲವರು ಉತ್ತರಿಸುತ್ತಾರೆ. ಅದೇ ಇಮೇಲಿಗೆ ಇನ್ನೊಂದು ಸಾಲು ಸೇರಿಸಿ: ಪರಿಸ್ಥಿತಿ ಬದಲಾದರೆ ನನಗೆ ಈ ಪ್ರಾಜೆಕ್ಟಿನಲ್ಲಿ ಈಗಲೂ ಆಸಕ್ತಿಯಿದೆ ಎಂದು. ಸಮಿತಿಗಳು ಎರಡನೇ, ಮೂರನೇ ಹೆಸರನ್ನೂ ಬರೆದಿಟ್ಟುಕೊಳ್ಳುತ್ತವೆ. ಮೊದಲನೆಯವರಿಗೆ ಬೇರೆಡೆ ಇನ್ನೂ ಒಳ್ಳೆಯದು ಸಿಗುತ್ತದೆ, ವೀಸಾ ಸಿಗುವುದಿಲ್ಲ, ಮನಸ್ಸು ಬದಲಾಗುತ್ತದೆ. ಮತ್ತೆ ಜಾಹೀರಾತು ಹಾಕಿ, ಅರುವತ್ತು ಅರ್ಜಿ ಓದಿ, ಸಂದರ್ಶನ ನಡೆಸಲು ಅನುದಾನದ ಗಡಿಯಾರ ಬಿಡುವುದಿಲ್ಲ. ನಾನು ಪಿಎಚ್‌ಡಿ ಮಾಡಿದ ಪ್ರಾಜೆಕ್ಟಿನಲ್ಲಿ ನನ್ನದು ಎರಡನೇ ಹೆಸರಾಗಿತ್ತು. ಕರೆ ಬಂದದ್ದು ನಿರಾಕರಣೆಯ ಪತ್ರ ತಲುಪಿ ಐದು ವಾರಗಳ ನಂತರ.